ಡಾಂಟೆ, ಮೇರಾಜ್ ಮತ್ತು ಆಸಿನ್ ಪಲಾಸಿಯೋಸ್: ಸಾಬೀತಾದದ್ದು ಎಷ್ಟು?

ಹಾಳೆಗರಿ (ಪ್ರಶ್ನೆ):

ಇಟಲಿಯ ಮಧ್ಯಯುಗದ ಕವಿ ಡಾಂಟೆಯ ಪರಲೋಕಯಾತ್ರೆಯ ಕಾವ್ಯ 'ಡಿವೈನ್ ಕಾಮೆಡಿ'ಯನ್ನು ಇಂಗ್ಲಿಷ್ ಅನುವಾದದಲ್ಲಿ ಟಿಪ್ಪಣಿಗಳ ಸಮೇತ ಓದುತ್ತಿದ್ದೇನೆ. ಸ್ಪೇನಿನ ಅರಬ್ಬಿ ವಿದ್ವಾಂಸ ಮಿಗೆಲ್ ಆಸಿನ್ ಪಲಾಸಿಯೋಸ್ ಅವರ ಹೆಸರು ಆ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಪ್ರವಾದಿ ಮುಹಮ್ಮದರ ರಾತ್ರಿಯಾತ್ರೆ ಮತ್ತು ಸ್ವರ್ಗಾರೋಹಣದ ಕಥನಗಳು, ಅಂದರೆ ಮೇರಾಜ್ ಪರಂಪರೆ, ಡಾಂಟೆಯ ಕಾವ್ಯದ ಕಟ್ಟಡಕ್ಕೆ ಮಾದರಿಯಾಗಿದ್ದವು ಎಂದು ಅವರು 1919ರಲ್ಲಿ ವಾದಿಸಿದರಂತೆ. ಈ ಬಗ್ಗೆ ಹುಡುಕಿದಾಗ ಎರಡು ತೆರನಾದ ಮಾತುಗಳು ಸಿಕ್ಕವು. ಕೆಲವರು ಡಾಂಟೆ ಎಲ್ಲವನ್ನೂ ಅರಬ್ಬಿ ಮೂಲದಿಂದಲೇ ಎತ್ತಿಕೊಂಡನೆಂದು ಅನುಮಾನಕ್ಕೆಡೆಯಿಲ್ಲದಂತೆ ಬರೆಯುತ್ತಾರೆ. ಇನ್ನು ಕೆಲವರು ಆಸಿನ್ ಅವರ ವಾದವನ್ನು ವಿದ್ವತ್ ಲೋಕ ಎಂದೋ ಬದಿಗಿಟ್ಟಿದೆ ಎನ್ನುತ್ತಾರೆ. ಎರಡೂ ಪಕ್ಷದವರು ಅವರ ಪುಸ್ತಕವನ್ನು ತೆರೆದು ನೋಡಿದಂತೆ ಕಾಣುವುದಿಲ್ಲ.

ಅವರು ಮುಂದಿಟ್ಟ ಆಧಾರಗಳು ಯಾವುವು, ಅವುಗಳಲ್ಲಿ ಇಂದಿಗೂ ನಿಲ್ಲುವಂಥವು ಯಾವುವು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಹದಿನಾರನೆಯ ಶತಮಾನದ ಸ್ಪೇನಿನ ಕ್ರೈಸ್ತ ಅನುಭಾವಿಗಳಾದ ಸಂತ ತೆರೇಸಾ ಮತ್ತು ಶಿಲುಬೆಯ ಸಂತ ಯೋಹಾನರ ಅನುಭಾವದ ಮೇಲೂ ಸೂಫಿಗಳ ಪ್ರಭಾವವಿದೆ ಎಂದು ಅವರು ಬರೆದಿದ್ದಾರೆಂದು ಕೇಳಿದ್ದೇನೆ. ಅದೂ ಡಾಂಟೆಯ ವಿಷಯದಷ್ಟೇ ಗಟ್ಟಿಯಾದ ವಾದವೇ? ಕೊನೆಯದಾಗಿ ಒಂದು ಕುತೂಹಲ: ಆಸಿನ್ ಸ್ವತಃ ಕ್ಯಾಥೊಲಿಕ್ ಪಾದ್ರಿಯಾಗಿದ್ದರು. ಕ್ರೈಸ್ತ ಸಾಹಿತ್ಯದ ಶಿಖರವೆನಿಸಿದ ಕೃತಿಗೆ ಇಸ್ಲಾಮಿನ ಬೇರುಗಳನ್ನು ತೋರಿಸುವುದರಲ್ಲಿ ಅವರಿಗೆ ಯಾವ ಮುಜುಗರವೂ ಇರಲಿಲ್ಲವೇ?

ತುಂಗಾತೀರ (ಉತ್ತರ):

ಪ್ರಶ್ನೆ ಡಾಂಟೆಯಿಂದ ಹೊರಟಿದೆ ನಿಜ, ಆದರೆ ಆಸಿನ್ ಅವರನ್ನು ಡಾಂಟೆಯಿಂದ ಅಳೆಯಲು ಹೊರಟರೆ ಅವರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅವರ ಎಲ್ಲ ವಾದಗಳೂ ಒಂದೇ ತೂಕದವಲ್ಲ. ಕೆಲವು ಪ್ರಶ್ನಾತೀತವಾಗಿ ಸಾಬೀತಾಗಿವೆ, ಕೆಲವು ಬಲವಾದ ಸಂಭಾವ್ಯತೆಗಳಾಗಿ ಉಳಿದಿವೆ, ಕೆಲವು ಸುಂದರವಾದ ಹೋಲಿಕೆಗಳಷ್ಟೇ ಆಗಿವೆ.

ಅವರು 1871ರಲ್ಲಿ ಸರಗೋಸಾದಲ್ಲಿ ಹುಟ್ಟಿ, ಅಲ್ಲಿಯೇ ಹುಲಿಯಾನ್ ರಿಬೇರಾ ಅವರ ಬಳಿ ಅರಬ್ಬಿ ಕಲಿತು, 1895ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು. ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಮುಸ್ಲಿಂ ಚಿಂತಕ ಗಜಾಲಿ. 1903ರಲ್ಲಿ ಮ್ಯಾಡ್ರಿಡ್ ವಿಶ್ವವಿದ್ಯಾಲಯದ ಅರಬ್ಬಿ ಪೀಠಕ್ಕೆ ಬಂದರು. ಅಂದರೆ ಡಾಂಟೆಯ ವಿಷಯಕ್ಕೆ ಕೈಹಾಕುವ ಹೊತ್ತಿಗೆ ಗಜಾಲಿ, ಇಬ್ನ್ ಮಸರ್ರಾ, ಇಬ್ನ್ ಅರಬಿ ಈ ಮುಸ್ಲಿಂ ಚಿಂತಕರ ಪಠ್ಯಗಳಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಮುಳುಗಿದ್ದವರು ಅವರು. ಡಾಂಟೆಯ ಕಡೆಗೆ ಅವರನ್ನು ತಂದದ್ದು ಇಟಲಿಯ ಸಾಹಿತ್ಯವಲ್ಲ, ಇಬ್ನ್ ಅರಬಿ.

ಮುರ್ಸಿಯಾದಲ್ಲಿ 1165ರಲ್ಲಿ ಹುಟ್ಟಿ ದಮಾಸ್ಕಸ್ಸಿನಲ್ಲಿ 1240ರಲ್ಲಿ ತೀರಿಕೊಂಡ ಈ ಸೂಫಿಯ ಬೃಹತ್ ಕೃತಿ 'ಫುತೂಹಾತ್'ನಲ್ಲಿ ಒಂದು ಅಧ್ಯಾಯವಿದೆ. ಅದರಲ್ಲಿ ಇಬ್ಬರು ಪಯಣಿಗರು ಒಟ್ಟಿಗೆ ಏಳು ಆಕಾಶಗಳನ್ನು ಏರುತ್ತಾರೆ. ಒಬ್ಬ ತನ್ನ ಬುದ್ಧಿಯನ್ನೇ ನಂಬಿದ ತತ್ತ್ವಜ್ಞಾನಿ, ಇನ್ನೊಬ್ಬ ಪ್ರವಾದಿಯ ಅನುಯಾಯಿ. ಚಂದ್ರನ ಆಕಾಶದಲ್ಲಿ ಅನುಯಾಯಿಯನ್ನು ಆದಮ್ ಎದುರುಗೊಂಡು ಉಪಚರಿಸುತ್ತಾನೆ, ತತ್ತ್ವಜ್ಞಾನಿಗೆ ಆ ಗ್ರಹದ ಚೇತನದಿಂದ ಭೌತಿಕ ಲೋಕದ ತಿಳಿವಳಿಕೆಯಷ್ಟೇ ದೊರೆಯುತ್ತದೆ. ಬುಧನಲ್ಲಿ ಯೇಸು ಮತ್ತು ಸ್ನಾನಿಕ ಯೋಹಾನ, ಶುಕ್ರನಲ್ಲಿ ಯೂಸುಫ್, ಸೂರ್ಯನಲ್ಲಿ ಇದ್ರೀಸ್, ಮಂಗಳನಲ್ಲಿ ಹಾರೂನ್, ಗುರುವಿನಲ್ಲಿ ಮೂಸಾ, ಶನಿಯಲ್ಲಿ ಇಬ್ರಾಹೀಮ್. ಪ್ರತಿ ಮೆಟ್ಟಿಲಲ್ಲೂ ಸಂಗಾತಿಗೆ ಸಿಗುವ ಗೌರವವನ್ನು ಕಂಡು ತತ್ತ್ವಜ್ಞಾನಿ ಕುಗ್ಗುತ್ತಾ ಹೋಗುತ್ತಾನೆ. ಶನಿಯ ಆಕಾಶದಲ್ಲಿ ಅವನನ್ನು ತಡೆದು ನಿಲ್ಲಿಸಲಾಗುತ್ತದೆ. ಅನುಯಾಯಿ ಮಾತ್ರ ಮೇಲೇರುತ್ತಾನೆ. ಡಾಂಟೆಯ ಕಾವ್ಯದಲ್ಲಿ ಬುದ್ಧಿಯ ಪ್ರತಿನಿಧಿಯಾದ ರೋಮನ್ ಕವಿ ವರ್ಜಿಲ್ ಒಂದು ಹಂತದಲ್ಲಿ ಹಿಂದುಳಿದು, ಡಾಂಟೆ ಪ್ರೀತಿಸಿದ ಬಿಯಾಟ್ರಿಸ್ ಮುಂದಿನ ದಾರಿ ತೋರಿಸುವುದನ್ನು ಬಲ್ಲ ಯಾರಿಗಾದರೂ ಇಲ್ಲಿ ಕಿವಿ ನೆಟ್ಟಗಾಗದೆ ಇರದು. ಆಸಿನ್ ಅವರಿಗೂ ಹಾಗೆಯೇ ಆಯಿತು. ಅಲ್ಲಿಂದ ಹಿಂದೆ ಸರಿಯುತ್ತಾ ಇಬ್ನ್ ಅರಬಿಗೂ ಮೂಲವಾದ ಮೇರಾಜ್ ಕಥನಗಳಿಗೆ ತಲುಪಿದರು.

1919ರ ಜನವರಿ 26ರಂದು ಸ್ಪೇನಿನ ರಾಯಲ್ ಅಕಾಡೆಮಿಗೆ ಸದಸ್ಯರಾಗಿ ಪ್ರವೇಶಿಸುವಾಗ ಮಂಡಿಸಿದ ಪ್ರಬಂಧವೇ 'ಡಿವೈನ್ ಕಾಮೆಡಿಯಲ್ಲಿ ಮುಸ್ಲಿಂ ಪರಲೋಕ ಕಲ್ಪನೆ' ಎಂಬ ಆ ಪುಸ್ತಕ. ಡಾಂಟೆಯ ಆರುನೂರನೆಯ ಪುಣ್ಯತಿಥಿಗೆ ಇಟಲಿ ಸಿದ್ಧವಾಗುತ್ತಿದ್ದ ಕಾಲ ಅದು. ಗದ್ದಲ ಎಷ್ಟಾಗಿರಬಹುದೆಂದು ಊಹಿಸಿಕೊಳ್ಳಬಹುದು. ನರಕದ ಆಲಿಕೆಯಂಥ ಆಕಾರ, ಒಂದರ ಕೆಳಗೊಂದು ಇಳಿಯುವ ಅಂತಸ್ತುಗಳು, ಪಾಪಕ್ಕೆ ತಕ್ಕ ಶಿಕ್ಷೆ, ಬೆಂಕಿಯ ಜೊತೆಗೆ ಹಿಮದ ಯಾತನೆ, ದಾರಿ ತೋರುವ ಸಂಗಾತಿ, ಕಣ್ಣು ಕುರುಡಾಗುವಷ್ಟು ಬೆಳಕು ಹೀಗೆ ಅವರು ಹೋಲಿಕೆಗಳ ರಾಶಿಯನ್ನೇ ಒಟ್ಟಿದರು.

ಹೋಲಿಕೆಗಳನ್ನು ರಾಶಿ ಹಾಕುವ ವಿಧಾನದ ದೌರ್ಬಲ್ಯವೂ ಇಲ್ಲಿಯೇ ಇದೆ. ಎರಡು ಉದಾಹರಣೆ ನೋಡಿ. ಗುರುಗ್ರಹದ ಆಕಾಶದಲ್ಲಿ ಡಾಂಟೆ ಕಾಣುವುದು ಅಸಂಖ್ಯ ಆತ್ಮಗಳ ಬೆಳಕು ಕೂಡಿ ರೂಪುಗೊಂಡ ಒಂದು ಹದ್ದನ್ನು. ಅದು ಒಂದೇ ಕಂಠದಿಂದ ನ್ಯಾಯದ ಕುರಿತು ಮಾತಾಡುತ್ತದೆ. ಮೇರಾಜ್ ಕಥನಗಳಲ್ಲಿ ಕಾಲು ಪಾತಾಳದಲ್ಲಿ, ತಲೆ ದೇವರ ಸಿಂಹಾಸನದ ಬಳಿ ಇರುವ ಕೋಳಿಹುಂಜದ ರೂಪದ ಒಬ್ಬ ದೇವದೂತನಿದ್ದಾನೆ. ಅವನು ದೇವರ ಸ್ತುತಿಗೆ ಕೊರಳೆತ್ತಿದಾಗ ಭೂಮಿಯ ಹುಂಜಗಳೆಲ್ಲ ದನಿಗೂಡಿಸುತ್ತವೆ. ಆಸಿನ್ ಇವೆರಡನ್ನೂ ಜೋಡಿಸುತ್ತಾರೆ. ಜೋಡಣೆ ಮನೋಹರವಾಗಿದೆ, ಆದರೆ ಹದ್ದು ರೋಮನ್ ಸಾಮ್ರಾಜ್ಯದ ಲಾಂಛನವೆಂಬುದು ಡಾಂಟೆಯ ರಾಜಕೀಯ ಬಲ್ಲವರಿಗೆಲ್ಲ ಗೊತ್ತು. ಅದನ್ನು ವಿವರಿಸಲು ಹುಂಜ ಬೇಕಿಲ್ಲ. ಹಾಗೆಯೇ ಶನಿಯ ಆಕಾಶದ ಚಿನ್ನದ ಏಣಿ. ಮೇರಾಜ್‌ನಲ್ಲಿ ಏಣಿ ಇರುವುದು ನಿಜ, ಆದರೆ ಕಾವ್ಯದ ಸ್ವರ್ಗಭಾಗವಾದ 'ಪರಾದಿಸೊ'ದ 22ನೆಯ ಸರ್ಗದಲ್ಲಿ ಸಂತ ಬೆನೆಡಿಕ್ಟ್ ಬಾಯಿಂದಲೇ ಅದು ಯಾಕೋಬನು ಕಂಡ ಏಣಿ ಎಂದು ಡಾಂಟೆ ಹೇಳಿಸಿಬಿಡುತ್ತಾನೆ. ನರಕಭಾಗವಾದ 'ಇನ್ಫರ್ನೊ'ದ ಎರಡನೆಯ ಸರ್ಗದಲ್ಲಿ ತಾನು ವರ್ಜಿಲ್‌ನ ಕಾವ್ಯದ ನಾಯಕ ಈನಿಯಸ್ಸನೂ ಅಲ್ಲ, ಸಂತ ಪೌಲನೂ ಅಲ್ಲ ಎನ್ನುವಾಗ ತನ್ನ ಹಿಂದಿನ ಪರಲೋಕ ಯಾತ್ರಿಕರು ಯಾರೆಂಬುದನ್ನೂ ಅವನೇ ಸೂಚಿಸಿದ್ದಾನೆ. ಟೀಕಾಕಾರರು ಈ ಸ್ಥಳಗಳನ್ನು ಹಿಡಿದು ಕೇಳಿದ ಪ್ರಶ್ನೆಗೆ 1919ರಲ್ಲಿ ಪೂರ್ಣ ಉತ್ತರವಿರಲಿಲ್ಲ: ಡಾಂಟೆಗೆ ಅರಬ್ಬಿ ಬರುತ್ತಿರಲಿಲ್ಲ, ಹಾಗಾದರೆ ಈ ಕಥನ ಅವನಿಗೆ ಯಾವ ಭಾಷೆಯಲ್ಲಿ, ಯಾರ ಮೂಲಕ ಸಿಕ್ಕಿತು?

ಆ ಉತ್ತರದ ಅರ್ಧಭಾಗ 1949ರಲ್ಲಿ ದೊರೆಯಿತು, ಅಷ್ಟರಲ್ಲಿ ಆಸಿನ್ ತೀರಿಕೊಂಡು ಐದು ವರ್ಷಗಳಾಗಿದ್ದವು. ಇಟಲಿಯ ಎನ್ರಿಕೊ ಚೆರುಲ್ಲಿ ಮತ್ತು ಸ್ಪೇನಿನ ಹೋಸೆ ಮುನ್ಯೋಸ್ ಸೆಂದಿನೊ, ಒಬ್ಬರ ಕೆಲಸ ಇನ್ನೊಬ್ಬರದನ್ನು ಅವಲಂಬಿಸದೆ, 'ಮುಹಮ್ಮದರ ಏಣಿಯ ಪುಸ್ತಕ'ವನ್ನು ಅದೇ ವರ್ಷ ಪ್ರಕಟಿಸಿದರು. ಕ್ಯಾಸ್ಟೀಲಿನ ದೊರೆ ಹತ್ತನೆಯ ಅಲ್ಫೊನ್ಸೊನ ಆಸ್ಥಾನದಲ್ಲಿ ಯೆಹೂದಿ ವೈದ್ಯ ಅಬ್ರಹಾಂ ಅರಬ್ಬಿಯಿಂದ ಕ್ಯಾಸ್ಟೀಲಿಯನ್ನಿಗೆ ತಂದ ಮೇರಾಜ್ ಕಥನವನ್ನು ಇಟಲಿಯ ಸಿಯೆನಾದ ಬೊನವೆಂತೂರ 1264ರ ಸುಮಾರಿಗೆ ಲ್ಯಾಟಿನ್ ಮತ್ತು ಫ್ರೆಂಚಿಗೆ ಅನುವಾದಿಸಿದ್ದ. ಮರುವರ್ಷ ಡಾಂಟೆ ಹುಟ್ಟಿದ. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಫಾತ್ಸಿಯೊ ದೆಲ್ಯಿ ಉಬೆರ್ತಿ ಎಂಬ ಟಸ್ಕನ್ ಕವಿ ಈ ಪುಸ್ತಕವನ್ನು ಹೆಸರಿಸಿರುವುದರಿಂದ ಅದು ಇಟಲಿಯಲ್ಲಿ ಅಪರಿಚಿತವಾಗಿರಲಿಲ್ಲ ಎಂಬುದೂ ನಿಶ್ಚಯ. ಅಂದರೆ ದಾರಿ ಇತ್ತು. ಆ ದಾರಿಯಲ್ಲಿ ಡಾಂಟೆ ನಡೆದ ಎಂಬುದಕ್ಕೆ ಹೆಜ್ಜೆಗುರುತು ಮಾತ್ರ ಇನ್ನೂ ಸಿಕ್ಕಿಲ್ಲ. ಡಾಂಟೆಗೆ ಗುರುಸಮಾನನಾದ ಬ್ರುನೆತ್ತೊ ಲತೀನಿ ಅಲ್ಫೊನ್ಸೊನ ಆಸ್ಥಾನಕ್ಕೆ ರಾಯಭಾರಿಯಾಗಿ ಹೋಗಿದ್ದನೆಂದು ಆಸಿನ್ ಪರ ವಾದಿಸುವವರು ಸದಾ ನೆನಪಿಸುತ್ತಾರೆ. ಆದರೆ ಅವನು ಹೋದದ್ದು 1260ರಲ್ಲಿ, ಫ್ರೆಂಚ್ ಅನುವಾದಕ್ಕಿಂತ ಮೊದಲು. ಅವನೇ ಪುಸ್ತಕ ಹೊತ್ತು ತಂದನೆಂದು ಬರೆಯುವವರು ಈ ತಾರೀಖನ್ನು ಮರೆಯುತ್ತಾರೆ.

ಮರಿಯಾ ಕೊರ್ತಿ ಎಂಬ ಇಟಲಿಯ ವಿದುಷಿ ಮಾಡಿದ ವಿಂಗಡಣೆ ನನಗೆ ಸಮಂಜಸವೆನಿಸುತ್ತದೆ: ಒಂದು ಕಾಲದ ಗಾಳಿಯಲ್ಲೇ ಹರಡಿದ್ದ ಮಾತುಗಳು ಬೇರೆ, ಎರಡು ಪಠ್ಯಗಳ ನಡುವಿನ ನಂಟು ಬೇರೆ, ಕವಿ ಕೈಯಲ್ಲಿ ಹಿಡಿದು ಓದಿದ ಮೂಲ ಬೇರೆ. ಆಸಿನ್ ಈ ಮೂರನ್ನೂ ಒಂದೇ ಉತ್ಸಾಹದಲ್ಲಿ ಬೆರೆಸಿದರು. ಬೇರ್ಪಡಿಸಿ ನೋಡಿದರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದನ್ನು ಕೆಲವು ಸರ್ಗಗಳಿಗೆ ಒಪ್ಪಬಹುದು, ಮೂರನೆಯದು ಬಾಕಿಯಿದೆ.

ಮರುಓದು (ಉತ್ತರ):

ಮೇಲಿನ ಉತ್ತರ 'ಪ್ರಶ್ನಾತೀತವಾಗಿ ಸಾಬೀತಾಗಿವೆ' ಎಂದು ಹೇಳಿ ಉದಾಹರಣೆ ಕೊಡದೆ ಮುಂದೆ ಹೋಗಿದೆ. ಅಲ್ಲಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅನುಭಾವಿಗಳ ಪ್ರಶ್ನೆಗೆ ಬರುವ ಮೊದಲು ಆಸಿನ್ ಅವರ ಪಾಲಿಗೆ ಪುರಾವೆ ಎಂದರೆ ಏನೆಂಬುದು ಕಣ್ಣಮುಂದಿರಬೇಕು.

ಮಯೋರ್ಕಾ ದ್ವೀಪದ ಫ್ರಾನ್ಸಿಸ್ಕನ್ ಸನ್ಯಾಸಿ ಅನ್ಸೆಲ್ಮ್ ತುರ್ಮೇದಾ ಟ್ಯೂನಿಸ್‌ಗೆ ಹೋಗಿ ಇಸ್ಲಾಂ ಸ್ವೀಕರಿಸಿ, ಅಬ್ದುಲ್ಲಾ ಎಂಬ ಹೆಸರಿನಿಂದ ಬಾಳಿದವನು. 1417ರಲ್ಲಿ ಅವನು ಬರೆದ 'ಕತ್ತೆಯ ವಾದ'ದಲ್ಲಿ ಪ್ರಾಣಿಗಳಿಗಿಂತ ಮನುಷ್ಯ ಶ್ರೇಷ್ಠನೇ ಎಂಬ ವಿಷಯಕ್ಕೆ ಕತ್ತೆಯೊಂದು ಲೇಖಕನೊಡನೆಯೇ ವಾದಕ್ಕಿಳಿಯುತ್ತದೆ. ಬಹುಕಾಲ ಇದನ್ನು ಅವನ ಸ್ವಂತ ಪ್ರತಿಭೆಯ ಕುಡಿ ಎಂದೇ ಹೊಗಳಲಾಗಿತ್ತು. ಹತ್ತನೆಯ ಶತಮಾನದ ಬಸ್ರಾದ 'ಇಖ್ವಾನುಸ್ಸಫಾ' ಬಳಗದ ವಿಶ್ವಕೋಶದಲ್ಲಿರುವ, ಜಿನ್ನರ ದೊರೆಯ ಮುಂದೆ ಪ್ರಾಣಿಗಳು ಮನುಷ್ಯರ ಮೇಲೆ ಹೂಡುವ ಮೊಕದ್ದಮೆಯ ಕಥೆಯಿಂದ ತುರ್ಮೇದಾ ವಾದಗಳನ್ನು ಸಾಲುಸಾಲಾಗಿ ಎತ್ತಿಕೊಂಡಿದ್ದಾನೆಂದು 1914ರಲ್ಲಿ ಆಸಿನ್ ಎರಡೂ ಪಠ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ಅರಬ್ಬಿ ಬಲ್ಲ ಲೇಖಕ, ಅರಬ್ಬಿ ನಾಡಿನಲ್ಲಿ ವಾಸ, ವಾಕ್ಯಮಟ್ಟದ ಸಾಮ್ಯ ಇವೆಲ್ಲ ಇರುವಾಗ ತಕರಾರಿಗೆ ಜಾಗವೇ ಇರಲಿಲ್ಲ. ಇನ್ನು ಅದೇ ದ್ವೀಪದ ಕ್ರೈಸ್ತ ಅನುಭಾವಿ ರಾಮೋನ್ ಲ್ಯುಲ್ ಅಂತೂ 'ಪ್ರೇಮಿ ಮತ್ತು ಪ್ರಿಯತಮನ ಪುಸ್ತಕ'ಕ್ಕೆ ಸೂಫಿಗಳ ಪ್ರೇಮವಚನಗಳೇ ಮಾದರಿ ಎಂದು ತಾನೇ ಬರೆದಿಟ್ಟಿದ್ದಾನೆ.

ಈ ಅಳತೆಗೋಲು ಹಿಡಿದು ನೋಡಿದರೆ ತೆರೇಸಾ ಅವರ ವಿಷಯ ಡಾಂಟೆಯದಕ್ಕಿಂತಲೂ ಕಷ್ಟದ್ದು. ಅವರು 1577ರಲ್ಲಿ ಬರೆದ 'ಒಳಗಿನ ಕೋಟೆ'ಯಲ್ಲಿ ಆತ್ಮವೆಂಬುದು ವಜ್ರದ ಅಥವಾ ತಿಳಿಯಾದ ಸ್ಫಟಿಕದ ಒಂದು ಕೋಟೆ. ಅದರಲ್ಲಿ ಏಳು ನಿಲಯಗಳು. ನಟ್ಟನಡುವಿನದರಲ್ಲಿ ದೊರೆಯಾದ ದೇವರು. ಹೊರಗೆ ಹಾವು, ಹಲ್ಲಿಗಳಂಥ ಹರಿದಾಡುವ ಜಂತುಗಳು. ಸುತ್ತುಕೋಟೆಗಳ ಇಂಥದೇ ರೂಪಕವನ್ನು ಆಸಿನ್ ಒಂದು ಅರಬ್ಬಿ ಸಂಕಲನದಲ್ಲಿ ಗುರುತಿಸಿದರು, ಆ ಲೇಖನ ಅವರ ಮರಣಾನಂತರ 1946ರಲ್ಲಿ ಪ್ರಕಟವಾಯಿತು. ಅವರಿಗೆ ಸಿಕ್ಕ ಪಠ್ಯ ತೆರೇಸಾ ಅವರಿಗಿಂತ ಹಳೆಯದೆಂದು ಖಚಿತವಾಗಿ ಹೇಳುವಂತಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಪೋರ್ಟೊ ರೀಕೊದ ಲೂಸೆ ಲೋಪೆಸ್ ಬರಾಲ್ತ್. ಒಂಬತ್ತನೆಯ ಶತಮಾನದ ಬಗ್ದಾದಿನ ಸೂಫಿ ಅಬುಲ್ ಹಸನ್ ನೂರಿಯ ಗ್ರಂಥದಲ್ಲಿ ಭಕ್ತನ ಎದೆಯೊಳಗೆ ಒಂದರೊಳಗೊಂದು ಏಳು ಕೋಟೆಗಳಿರುವುದನ್ನು ಅವರು ತೋರಿಸಿದರು. ನಡುವಿನದು ಮಾಣಿಕ್ಯದ ಕೋಟೆ, ಅದರ ಸುತ್ತ ಚಿನ್ನದ್ದು, ಆಮೇಲೆ ಬೆಳ್ಳಿ, ಕಬ್ಬಿಣ, ಹಿತ್ತಾಳೆ, ಪಟಿಕ, ಎಲ್ಲಕ್ಕಿಂತ ಹೊರಗೆ ಮಣ್ಣಿನ ಕೋಟೆ. ಸೈತಾನನು ಆಚೆ ನಿಂತು ನಾಯಿಯಂತೆ ಬೊಗಳುತ್ತಾನೆ. ಏಳರ ಎಣಿಕೆ, ಒಳಸರಿಯುವ ಕ್ರಮ, ಹೊರಗಿನ ಶತ್ರು ಈ ಮೂರೂ ಒಟ್ಟಿಗೆ ಬಂದಿರುವುದು ಆಕಸ್ಮಿಕವೆಂದು ಹೇಳಲು ನನಗೂ ಧೈರ್ಯವಿಲ್ಲ. ಆದರೆ ನೂರಿಯಲ್ಲಿ ಪ್ರತಿ ಕೋಟೆಯ ವಸ್ತುವಿಗೂ ಒಂದೊಂದು ಸದ್ಗುಣದ ಅರ್ಥವಿದೆ, ತೆರೇಸಾ ಅವರಲ್ಲಿ ಆ ವಸ್ತುಗಳ ಶ್ರೇಣಿಯೇ ಇಲ್ಲ, ಕೋಟೆಯೆಲ್ಲ ಒಂದೇ ವಜ್ರ. ಅವರಿಗೆ ಅರಬ್ಬಿಯಿರಲಿ, ಲ್ಯಾಟಿನ್ ಕೂಡ ಬರುತ್ತಿರಲಿಲ್ಲ. ಬಗ್ದಾದಿನಿಂದ ತೆರೇಸಾ ಅವರ ಊರಾದ ಆವಿಲಾದವರೆಗಿನ ಏಳುನೂರು ವರ್ಷಗಳ ನಡುವೆ, ಅಲ್ಫೊನ್ಸೊನ ಆಸ್ಥಾನದಲ್ಲಿ ಸಿಕ್ಕಂಥ ಒಂದು ಅನುವಾದವೂ ಇಲ್ಲಿ ಸಿಕ್ಕಿಲ್ಲ. ಬಾಯಿಂದ ಬಾಯಿಗೆ ಬಂದಿರಬಹುದೆಂಬ ಊಹೆಯನ್ನು ನಾನು ತಳ್ಳಿಹಾಕುವುದಿಲ್ಲ, ಪುರಾವೆಯೆಂದು ಎಣಿಸುವುದೂ ಇಲ್ಲ.

ಶಿಲುಬೆಯ ಯೋಹಾನರ ಕುರಿತು 1933ರ ಲೇಖನ ಇದಕ್ಕಿಂತ ಸೂಕ್ಷ್ಮವಾದದ್ದು. ರೊಂದಾದಲ್ಲಿ ಹುಟ್ಟಿ 1390ರಲ್ಲಿ ಫೆಜ್‌ನಲ್ಲಿ ತೀರಿಕೊಂಡ ಇಬ್ನ್ ಅಬ್ಬಾದ್, ದೇವರು ಆತ್ಮವನ್ನು ಬಿಗಿಹಿಡಿಯುವ ಸ್ಥಿತಿಯನ್ನು ರಾತ್ರಿಗೂ ಸಡಿಲಬಿಡುವ ಸ್ಥಿತಿಯನ್ನು ಹಗಲಿಗೂ ಹೋಲಿಸಿ, ಸಾಧಕನಿಗೆ ಆ ರಾತ್ರಿಯೇ ಹೆಚ್ಚು ಕ್ಷೇಮಕರ ಎನ್ನುತ್ತಾನೆ; ಹಗಲಿನ ಸುಖದಲ್ಲಿ ಅಹಂಕಾರ ನುಸುಳುತ್ತದೆ, ರಾತ್ರಿಯಲ್ಲಿ ಅದಕ್ಕೆ ಆಸರೆಯಿಲ್ಲ. ಯೋಹಾನರ 'ಆತ್ಮದ ಕಡುರಾತ್ರಿ'ಯನ್ನು ಓದಿದವರಿಗೆ ಇದು ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಿಲ್ಲ. ಪ್ರಭಾವ ಸಾಬೀತಾಗದಿದ್ದರೂ ಇಬ್ಬರನ್ನೂ ಒಟ್ಟಿಗೆ ಓದುವಂತೆ ಮಾಡಿದ್ದೇ ಆ ಲೇಖನದ ಹೆಚ್ಚುಗಾರಿಕೆ.

ಹಾಳೆಗರಿ:

ಇಬ್ಬರಿಗೂ ಕೃತಜ್ಞತೆಗಳು. ತುರ್ಮೇದಾನ ಹೆಸರನ್ನೇ ನಾನು ಕೇಳಿರಲಿಲ್ಲ. ಪಾದ್ರಿಯಾಗಿದ್ದ ಆಸಿನ್ ಅವರ ನಿಲುವಿನ ಕುರಿತ ನನ್ನ ಕೊನೆಯ ಪ್ರಶ್ನೆ ಹಾಗೆಯೇ ಉಳಿಯಿತು. ತಮ್ಮ ಧರ್ಮದ ಮಹಾಕವಿ ಅನ್ಯಧರ್ಮಕ್ಕೆ ಋಣಿ ಎಂದು ಹೇಳಿದ್ದಕ್ಕಾಗಿ ಅವರು ಚರ್ಚಿನ ಕೋಪಕ್ಕೆ ಗುರಿಯಾಗಲಿಲ್ಲವೇ?

ಸಾಲುದೀಪ (ಉತ್ತರ):

ಆಸಿನ್ ಅವರನ್ನು ಎರಡು ಧರ್ಮಗಳ ಸೌಹಾರ್ದದ ಹರಿಕಾರನೆಂದು ಚಿತ್ರಿಸುವುದು ಇತ್ತೀಚಿನ ರೂಢಿ. ಅವರ ಬರಹ ಆ ಚಿತ್ರಕ್ಕೆ ಪೂರ್ತಿ ಒಗ್ಗುವುದಿಲ್ಲ. ಅವರಿಗೆ ಮುಜುಗರವಾಗದಿದ್ದುದಕ್ಕೆ ಕಾರಣ ಅವರ ಸಿದ್ಧಾಂತದಲ್ಲೇ ಇದೆ, ಮತ್ತು ಆ ಸಿದ್ಧಾಂತ ಇಸ್ಲಾಮಿನ ಪಾಲಿಗೆ ಅಷ್ಟೇನೂ ಉದಾರವಾದದ್ದಲ್ಲ.

ಸಿರಿಯಾ, ಈಜಿಪ್ಟುಗಳ ಮರುಭೂಮಿಗಳಲ್ಲಿ ತಪಸ್ಸು ಮಾಡುತ್ತಿದ್ದ ಕ್ರೈಸ್ತ ಸನ್ಯಾಸಿಗಳಿಂದ ವಿರಕ್ತಿಯ ಆದರ್ಶವೂ ಅನುಭಾವದ ಕ್ರಮವೂ ಆರಂಭದ ಮುಸ್ಲಿಂ ಸಾಧಕರಿಗೆ ಹರಿದು ಬಂದವು. ಅಲ್ಲಿ ಬೆಳೆದು, ಸೂಫಿ ಮಾರ್ಗವಾಗಿ ಸ್ಪೇನಿನವರೆಗೆ ಸಾಗಿ, ಅಲ್ಲಿಂದ ಮತ್ತೆ ಕ್ರೈಸ್ತರ ಕೈಸೇರಿದವು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಇಬ್ನ್ ಅರಬಿಯ ಕುರಿತ ಅವರ 1931ರ ದೊಡ್ಡ ಗ್ರಂಥದ ಹೆಸರೇ 'ಕ್ರೈಸ್ತೀಕರಣಗೊಂಡ ಇಸ್ಲಾಂ'. ಗಜಾಲಿಯ ಕುರಿತು ಬರೆದ ಸಂಪುಟಗಳ ಶೀರ್ಷಿಕೆಯಲ್ಲೂ ಆ ಆಧ್ಯಾತ್ಮದ 'ಕ್ರೈಸ್ತ ಅರ್ಥ'ವನ್ನು ಹುಡುಕುವ ಮಾತಿದೆ. ಹೀಗಿರುವಾಗ ತೆರೇಸಾ ಆಗಲಿ ಯೋಹಾನರಾಗಲಿ ಸೂಫಿಗಳಿಂದ ಪಡೆದರೆಂದು ಹೇಳುವುದು ಅವರಿಗೆ ಸಾಲದ ಕಥೆಯಲ್ಲ, ಅಡವಿಟ್ಟ ಒಡವೆಯನ್ನು ಮನೆಯವರು ಬಿಡಿಸಿಕೊಂಡ ಕಥೆ. ಸೂಫಿ ಮಾರ್ಗ ಕುರಾನಿನ ಧ್ಯಾನದಿಂದಲೇ ಹುಟ್ಟಿತೆಂದು ಅದೇ ಕಾಲದಲ್ಲಿ ಫ್ರಾನ್ಸಿನ ಲೂಯಿ ಮಾಸಿನ್ಯೋನ್ ವಾದಿಸುತ್ತಿದ್ದರು, ಅವರೂ ನಿಷ್ಠಾವಂತ ಕ್ಯಾಥೊಲಿಕರೇ. ಈ ವಿಷಯದಲ್ಲಿ ಮಾಸಿನ್ಯೋನ್ ಅವರ ಮಾತಿಗೇ ನಂತರದ ಸಂಶೋಧನೆ ಹೆಚ್ಚು ಬೆಲೆ ಕೊಟ್ಟಿತು. (ಇಬ್ನ್ ಅರಬಿಯನ್ನು ಕ್ರೈಸ್ತ ಮನೆಗೆ ಸೇರಿಸುವ ಮುನ್ನ ಅವನ ಸುತ್ತ ಮುಸ್ಲಿಂ ಲೋಕದಲ್ಲೇ ನಡೆದ ವಾದಗಳನ್ನು ಗಮನಿಸಬೇಕು, ಆ ವಾದ ನಮ್ಮ ಕಲಬುರಗಿಯವರೆಗೂ ಬಂದಿತ್ತು, 1422ರಲ್ಲಿ ತೀರಿಕೊಂಡ ಬಂದೇ ನವಾಜರು ಅವನ ವಿಚಾರಗಳ ಕಟು ಟೀಕಾಕಾರರಾಗಿದ್ದರು.)

ಕೋಪಕ್ಕೆ ಗುರಿಯಾದರೇ ಎಂಬ ಪ್ರಶ್ನೆಗೆ ಅವರ ವೃತ್ತಿಜೀವನವೇ ಉತ್ತರ. ಕೋಪಿಸಿಕೊಂಡವರಲ್ಲಿ ಮುಂದಿದ್ದವರು ಡಾಂಟೆಯ ವಿದ್ವಾಂಸರು. ಆ ಜಗಳದ ಇತಿಹಾಸವನ್ನು ಆಸಿನ್ ತಾವೇ 1924ರಲ್ಲಿ ಬರೆದರು. ಸ್ಪೇನಿನಲ್ಲಿ ಅವರ ಗೌರವ ಏರುತ್ತಲೇ ಹೋಯಿತು. 1933ರಲ್ಲಿ ಎಮಿಲಿಯೊ ಗಾರ್ಸಿಯಾ ಗೋಮೆಸ್ ಅವರೊಡನೆ 'ಅಲ್-ಆಂದಲುಸ್' ಪತ್ರಿಕೆಯನ್ನು ಆರಂಭಿಸಿದರು, 1943ರಲ್ಲಿ ರಾಯಲ್ ಅಕಾಡೆಮಿಯ ನಿರ್ದೇಶಕರಾದರು, ಮರುವರ್ಷ ಸ್ಯಾನ್ ಸೆಬಾಸ್ಟಿಯನ್‌ನಲ್ಲಿ ತೀರಿಕೊಂಡರು. ಸ್ಪೇನಿನ ಅಂತರ್ಯುದ್ಧದಲ್ಲಿ ಅವರು ಸೇನಾನಾಯಕ ಫ್ರಾಂಕೊ ಪಕ್ಷದ ಕಡೆಗಿದ್ದವರು. ಆ ಪಕ್ಷದ ಸೈನ್ಯದಲ್ಲಿ ಮೊರೊಕ್ಕೊದ ಮುಸ್ಲಿಂ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಆ ಸೈನಿಕರು 'ನಮ್ಮ ಜೊತೆಗೆ' ನಿಂತು ಹೋರಾಡಿದ್ದೇಕೆ ಎಂಬುದನ್ನು ಎರಡು ಧರ್ಮಗಳ ಸಾಮೀಪ್ಯದಿಂದ ವಿವರಿಸುವ ಒಂದು ಪ್ರಬಂಧವನ್ನೂ ಆಸಿನ್ ಬರೆದರು. ವಸಾಹತಿನಿಂದ ಸಂಬಳಕ್ಕೆ ತಂದ ಸೈನಿಕರ ಬಡತನ ಆ ವಿವರಣೆಯ ಕೇಂದ್ರದಲ್ಲಿಲ್ಲ. ವಿದ್ವತ್ತಿನಲ್ಲಿ ಅಷ್ಟು ಫಲ ಕೊಟ್ಟ ಒಂದು ವಿಚಾರ ರಾಜಕೀಯಕ್ಕೆ ಎಷ್ಟು ಸಲೀಸಾಗಿ ಒದಗಿತೆಂಬುದು ನನಗೆ ಅಹಿತಕರವೆನಿಸುತ್ತದೆ. ಅವರನ್ನು ಹೊಗಳುವವರು ಸಾಮಾನ್ಯವಾಗಿ ಈ ಪ್ರಬಂಧದ ಹೆಸರೆತ್ತುವುದಿಲ್ಲ.

ಇದರಿಂದ ಅವರು ತೋರಿಸಿದ ಪಠ್ಯಸಾಮ್ಯಗಳು ಸುಳ್ಳಾಗುವುದಿಲ್ಲ. ಸಾಮ್ಯಕ್ಕೆ ಅವರು ಕೊಟ್ಟ ಕಾರಣವನ್ನು ಬಿಟ್ಟು ಸಾಮ್ಯವನ್ನು ಮಾತ್ರ ಇಟ್ಟುಕೊಳ್ಳಲು ಸಾಧ್ಯವಿದೆ, ಲೋಪೆಸ್ ಬರಾಲ್ತ್ ಮಾಡಿದ್ದು ಬಹುಮಟ್ಟಿಗೆ ಅದನ್ನೇ.

ಓದಲು ಬಯಸಿದರೆ 1926ರಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವಿದೆ, ಆದರೆ ಅದು ಸಂಕ್ಷಿಪ್ತ ರೂಪ ಎಂಬುದು ಗಮನದಲ್ಲಿರಲಿ. ಅದನ್ನು ತೆರೆಯುವ ಮೊದಲು 'ಇನ್ಫರ್ನೊ'ದ ನಾಲ್ಕನೆಯ ಮತ್ತು ಇಪ್ಪತ್ತೆಂಟನೆಯ ಸರ್ಗಗಳನ್ನು ಒಟ್ಟಿಗೆ ಓದಿ. ತತ್ತ್ವಜ್ಞಾನಿಗಳಾದ ಇಬ್ನ್ ಸೀನಾ ಮತ್ತು ಇಬ್ನ್ ರುಶ್ದ್, ಸುಲ್ತಾನ ಸಲಾದೀನ್ ಈ ಮೂವರಿಗೂ ಡಾಂಟೆ ಪುರಾತನ ಮಹಾನುಭಾವರ ಜೊತೆ ನೋವಿಲ್ಲದ ಜಾಗ ಕೊಡುತ್ತಾನೆ; ಪ್ರವಾದಿಯನ್ನೂ ಅವರ ಅಳಿಯ ಅಲಿಯನ್ನೂ ಒಡಕು ತಂದವರ ಕಂದಕದಲ್ಲಿ ಘೋರ ಶಿಕ್ಷೆಗೆ ಗುರಿಮಾಡುತ್ತಾನೆ. ಅರಬ್ಬರ ತತ್ತ್ವಜ್ಞಾನವನ್ನು ಗೌರವದಿಂದ ಬಳಸಿಕೊಂಡು ಅವರ ಧರ್ಮವನ್ನು ದ್ವೇಷಿಸಿದ ಕವಿ, ಮೇರಾಜ್ ಕಥನ ಒಂದು ವೇಳೆ ಕೈಗೆ ಸಿಕ್ಕಿದ್ದರೆ ಅದನ್ನು ಆ ಎರಡರಲ್ಲಿ ಯಾವ ಕಡೆಗೆ ಸೇರಿಸಿ ಓದುತ್ತಿದ್ದ ಎಂಬ ಪ್ರಶ್ನೆಯನ್ನು ಆಸಿನ್ ಸಾಕಷ್ಟು ಕೇಳಿಕೊಳ್ಳಲಿಲ್ಲ.